ಸಂಬಳದಾಚೆಯ ಪ್ರೋತ್ಸಾಹ: ಟೀಮ್ ನಡೆಸುವವರಿಗೆ ಹಂತ ಹಂತದ ಕೈಪಿಡಿ

"ಈ ಸಲ ಇನ್‌ಕ್ರಿಮೆಂಟ್‌ಗೆ ದುಡ್ಡಿಲ್ಲ, ಬೇರೆ ಏನಾದರೂ ಮಾಡಿ ಟೀಮ್‌ನ ಹುಮ್ಮಸ್ಸು ಉಳಿಸಿಕೊಳ್ಳಿ" ಎಂದು ಮೇಲಿನಿಂದ ಸೂಚನೆ ಬಂದ ದಿನವೇ ಹೆಚ್ಚಿನ ಮ್ಯಾನೇಜರ್‌ಗಳು ಹಣವಿಲ್ಲದ ಪ್ರೋತ್ಸಾಹದ ಬಗ್ಗೆ ಯೋಚಿಸತೊಡಗುತ್ತಾರೆ. ಎಡವುವುದು ಅಲ್ಲಿಯೇ. ಮೆಚ್ಚುಗೆ, ಹೊತ್ತಿನ ಸ್ವಾತಂತ್ರ್ಯ, ಕಲಿಯುವ ಅವಕಾಶ, ನಿರ್ಧಾರದಲ್ಲಿ ಪಾಲು, ಇವು ಬಿಟ್ಟಿಯಾಗಿ ಸಿಗುತ್ತವೆ ಎಂದುಕೊಂಡು ಶುರುಮಾಡಿದ ಕಾರ್ಯಕ್ರಮ ಮೂರು ತಿಂಗಳಲ್ಲಿ ಸದ್ದಿಲ್ಲದೆ ನಿಂತುಹೋಗುತ್ತದೆ. ಇವಕ್ಕೂ ಬೆಲೆಯಿದೆ. ಅದನ್ನು ತೆರಬೇಕಾದವರು ಮ್ಯಾನೇಜರ್: ತಮ್ಮ ಸಮಯ ಕೊಡಬೇಕು, ಕೈಯಲ್ಲಿರುವ ಅಧಿಕಾರವನ್ನು ಒಂದಿಷ್ಟು ಬಿಟ್ಟುಕೊಡಬೇಕು.

ಲೆಕ್ಕ ಹಾಕಿ ನೋಡಿ. ಎಂಟು ಜನರ ಟೀಮ್. ಪ್ರತಿಯೊಬ್ಬರ ಜೊತೆ ಎರಡು ವಾರಕ್ಕೊಮ್ಮೆ 20 ನಿಮಿಷ ಮಾತು ಎಂದರೆ ವಾರಕ್ಕೆ 80 ನಿಮಿಷ. ಮೆಚ್ಚುಗೆಯ ನಾಲ್ಕು ಸಾಲು ಬರೆಯಲು, ಯಾರಿಗೆ ಏನು ಕೊಟ್ಟೆವೆಂದು ದಾಖಲಿಸಲು ಇನ್ನೊಂದು 40 ನಿಮಿಷ. ಒಟ್ಟು ವಾರಕ್ಕೆ ಎರಡು ಗಂಟೆ. ಇಷ್ಟು ಸಮಯ ನಿಮ್ಮ ಕ್ಯಾಲೆಂಡರ್‌ನಲ್ಲಿ ಇಲ್ಲವೆಂದರೆ ಮೊದಲು ಅದನ್ನು ಹುಡುಕಿ, ಆಮೇಲೆ ಮುಂದೆ ಓದಿ.

ಹಂತ 1: ನೆಲ ಗಟ್ಟಿಯಿದೆಯೇ ನೋಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಒಂದು ವಾದ ಮುಂದಿಟ್ಟರು. ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ, ಕಂಪನಿಯ ನಿಯಮ ಇವು ಕೆಟ್ಟಿದ್ದರೆ ಜನ ಬೇಸರಗೊಳ್ಳುತ್ತಾರೆ, ಸರಿಯಿದ್ದರೆ ಬೇಸರ ಹೋಗುತ್ತದೆ, ಅಷ್ಟೇ. ಉತ್ಸಾಹ ಹುಟ್ಟುವುದು ಬೇರೆ ಕಡೆಯಿಂದ: ಸಾಧನೆ, ಮನ್ನಣೆ, ಜವಾಬ್ದಾರಿ, ಬೆಳವಣಿಗೆ. ಈ ವಿಧಾನಕ್ಕೆ ಟೀಕೆಗಳೂ ಬಂದಿವೆ. ಚೆನ್ನಾಗಿ ನಡೆದದ್ದಕ್ಕೆ ತಾನು ಕಾರಣ, ಕೆಟ್ಟದ್ದಕ್ಕೆ ಕಂಪನಿ ಕಾರಣ ಎನ್ನುವುದು ಮನುಷ್ಯಸ್ವಭಾವ ತಾನೆ. ಆದರೂ ಯಾವುದನ್ನು ಮೊದಲು ಮಾಡಬೇಕು ಎಂದು ತೀರ್ಮಾನಿಸಲು ಈ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ.

ಹೀಗೆ ಪರೀಕ್ಷಿಸಿ. ಕಳೆದ ಆರು ತಿಂಗಳಲ್ಲಿ ಸಂಬಳ ಹೇಳಿದ ದಿನಕ್ಕೆ ಬಂದಿದೆಯೇ? ಓವರ್‌ಟೈಮ್ ಬಾಕಿ ಇದೆಯೇ? ಒಂದೇ ಕೆಲಸ ಮಾಡುವ ಇಬ್ಬರ ಸಂಬಳದಲ್ಲಿ ವಿವರಿಸಲಾಗದಷ್ಟು ಅಂತರ ಇದೆಯೇ? ಮಂಜೂರಾದ ರಜೆಯನ್ನು ಕೊನೆ ಗಳಿಗೆಯಲ್ಲಿ ಎಷ್ಟು ಸಲ ರದ್ದು ಮಾಡಿದ್ದೀರಿ? ಮುರಿದ ಕುರ್ಚಿ, ತೆವಳುವ ಕಂಪ್ಯೂಟರ್, ಕೆಟ್ಟ ಯಂತ್ರದ ಬಗ್ಗೆ ಬಂದ ದೂರುಗಳು ಎಷ್ಟು ವಾರದಿಂದ ಬಿದ್ದಿವೆ? ಇವುಗಳಲ್ಲಿ ಸಂಬಳದ್ದು ಅಥವಾ ಓವರ್‌ಟೈಮಿನದು ಕೆಟ್ಟಿದ್ದರೆ ಮಿಕ್ಕ ಹಂತಗಳನ್ನು ಸದ್ಯಕ್ಕೆ ಕೈಬಿಡಿ. ಸಂಬಳ ತಡವಾಗುವ ಕಡೆ "ತಿಂಗಳ ಉತ್ತಮ ಉದ್ಯೋಗಿ" ಫಲಕ ತೂಗುಹಾಕಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಜನ ಆಡಿಕೊಳ್ಳುತ್ತಾರೆ. ಅದಾದ ಮೇಲೆ ನೀವು ಮನಸಾರೆ ಹೊಗಳಿದರೂ ಬಾಯುಪಚಾರವಾಗಿಯೇ ಕೇಳಿಸುತ್ತದೆ.

ಕುರ್ಚಿ, ಕಂಪ್ಯೂಟರ್, ರಜೆಯಂಥವು ಮ್ಯಾನೇಜರ್ ಮಟ್ಟದಲ್ಲೇ ಬಗೆಹರಿಯುತ್ತವೆ. ಇವನ್ನು ಸರಿಪಡಿಸುವುದೇ ಎಷ್ಟೋ ಕಡೆ ಮೊದಲ ತಿಂಗಳ ಅತ್ಯುತ್ತಮ ಪ್ರೋತ್ಸಾಹ.

ಹಂತ 2: ಯಾರಿಗೆ ಏನು ಬೇಕು ಎಂದು ಕೇಳಿ

"ನಿಮಗೆ ಯಾವುದರಿಂದ ಸ್ಫೂರ್ತಿ ಸಿಗುತ್ತದೆ?" ಎಂದು ಕೇಳಬೇಡಿ. ಇದಕ್ಕೆ ಬರುವ ಉತ್ತರ ಸಂದರ್ಶನದ ಉತ್ತರದಂತಿರುತ್ತದೆ. ಹೆಸರು ಬರೆಯದ ಸಮೀಕ್ಷೆಯೂ ಇಲ್ಲಿ ಅಷ್ಟಾಗಿ ಉಪಯೋಗವಿಲ್ಲ, ಯಾಕೆಂದರೆ ನಿಮಗೆ ಬೇಕಾಗಿರುವುದು ಸರಾಸರಿ ಅಲ್ಲ, ಒಬ್ಬೊಬ್ಬರ ಉತ್ತರ. ಒಬ್ಬೊಬ್ಬರೊಂದಿಗೆ 20 ನಿಮಿಷ, ಬಾಗಿಲು ಮುಚ್ಚಿ ಅಥವಾ ನಡೆಯುತ್ತಾ, ಈ ಐದು ಪ್ರಶ್ನೆ ಕೇಳಿ:

- ಕಳೆದ ಎರಡು ವಾರದಲ್ಲಿ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ?
- ಯಾವ ಕೆಲಸವನ್ನು ನಾಳೆ, ನಾಡಿದ್ದು ಎಂದು ಮುಂದೂಡುತ್ತಾ ಬಂದಿದ್ದೀರಿ?
- ಯಾವ ವಿಷಯಕ್ಕೆ ನನ್ನ ಒಪ್ಪಿಗೆಗಾಗಿ ಕಾಯುವುದು ಬರೀ ತಡ ಎನಿಸುತ್ತದೆ?
- ನಿಮ್ಮ ಒಳ್ಳೆಯ ಕೆಲಸವನ್ನು ಎಲ್ಲರೆದುರು ಹೇಳಲೇ, ನಿಮಗಷ್ಟೇ ಹೇಳಲೇ, ಅಥವಾ ನನ್ನ ಮೇಲಿನವರಿಗೆ ಬರೆದು ತಿಳಿಸಲೇ?
- ವಾರದಲ್ಲಿ ಯಾವ ಒಂದೆರಡು ಗಂಟೆ ನಿಮ್ಮ ಕೈಗೆ ಬಂದರೆ ಮನೆಯ ತಾಪತ್ರಯ ಹಗುರವಾಗುತ್ತದೆ?

ನಾಲ್ಕನೆಯ ಪ್ರಶ್ನೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸಂಕೋಚದ ಸ್ವಭಾವದವರನ್ನು ತುಂಬಿದ ಸಭೆಯಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸುವುದು ಅವರಿಗೆ ಶಿಕ್ಷೆ.

ಕೇಳುವ ಮುಂಚೆ ನಿಮ್ಮ ಕೈಯಲ್ಲಿ ಏನೇನು ಕೊಡಲು ಸಾಧ್ಯ ಎಂದು ನಿಮ್ಮ ಮೇಲಧಿಕಾರಿಯಿಂದ ಖಚಿತಪಡಿಸಿಕೊಳ್ಳಿ. ಕೇಳಿದ ಏಳು ದಿನದೊಳಗೆ ಪ್ರತಿಯೊಬ್ಬರಿಗೂ ಒಂದಾದರೂ ಸಣ್ಣ ಬದಲಾವಣೆ ಕಣ್ಣಿಗೆ ಕಾಣಬೇಕು: ಒಂದು ವರದಿ ನಿಂತಿತು, ಒಂದು ಸಹಿ ಬೇಡವಾಯಿತು, ಬುಧವಾರದ ಮೀಟಿಂಗ್ ಅರ್ಧ ಗಂಟೆ ಮುಂದೆ ಹೋಯಿತು, ಇಂಥದ್ದು. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ಸಲ ಅವರು "ಎಲ್ಲ ಚೆನ್ನಾಗಿದೆ ಸರ್" ಎಂದಷ್ಟೇ ಹೇಳುತ್ತಾರೆ.

ಹಂತ 3: ಮೆಚ್ಚುಗೆ ಹೇಳುವುದನ್ನು ಕಲಿಯಿರಿ

ಮೆಚ್ಚುಗೆಯಲ್ಲಿ ನಾಲ್ಕು ಅಂಶ ಇರಬೇಕು: ಏನು ಮಾಡಿದರು, ಯಾವಾಗ, ಅದರಿಂದ ಏನಾಯಿತು, ಯಾರಿಗೆ ಅನುಕೂಲವಾಯಿತು. "ಒಳ್ಳೆ ಕೆಲಸ, ಹೀಗೇ ಮುಂದುವರಿಸಿ" ಎಂಬುದರಲ್ಲಿ ನಾಲ್ಕರಲ್ಲಿ ಒಂದೂ ಇಲ್ಲ. ಏನನ್ನು ಮುಂದುವರಿಸಬೇಕು ಎಂದೇ ಕೇಳಿದವರಿಗೆ ತಿಳಿಯುವುದಿಲ್ಲ. ಇದನ್ನು ನೋಡಿ:

"ಗುರುವಾರ ರಾತ್ರಿ ಸ್ಟಾಕ್ ಪಟ್ಟಿಯಲ್ಲಿ ಒಂದೇ ಐಟಂ ಎರಡು ಕೋಡ್‌ನಲ್ಲಿ ಇರುವುದನ್ನು ಹಿಡಿದಿರಿ. ಅದು ಹಾಗೇ ಹೋಗಿದ್ದರೆ ಶುಕ್ರವಾರ ದುಪ್ಪಟ್ಟು ಆರ್ಡರ್ ಆಗುತ್ತಿತ್ತು. ಸರಿಪಡಿಸಿ ಸುಮ್ಮನಾಗದೆ ಬೆಳಗಿನ ಶಿಫ್ಟ್‌ಗೆ ಚೀಟಿಯನ್ನೂ ಬರೆದಿಟ್ಟಿರಿ. ಅವರು ಹುಡುಕಾಡುವುದು ತಪ್ಪಿತು."

ನಾಲ್ಕೇ ವಾಕ್ಯ, ಬರೆಯಲು ಮೂರು ನಿಮಿಷ. ಇದರಲ್ಲಿ ಹೊಗಳುವ ವಿಶೇಷಣವೇ ಇಲ್ಲ ಎಂಬುದನ್ನು ಗಮನಿಸಿ. "ನೀವು ಜೀನಿಯಸ್", "ನೀವಿಲ್ಲದಿದ್ದರೆ ಆಫೀಸೇ ನಡೆಯದು" ಎಂಬ ಮಾತು ವ್ಯಕ್ತಿಯನ್ನು ಹೊಗಳುತ್ತದೆ, ಕೆಲಸವನ್ನಲ್ಲ. ಸಂಶೋಧಕರಾದ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನೀಸಿ 1996ರಲ್ಲಿ, ಒಬ್ಬರ ಕೆಲಸದ ಬಗ್ಗೆ ಅವರಿಗೆ ಅಭಿಪ್ರಾಯ (ಫೀಡ್‌ಬ್ಯಾಕ್) ಹೇಳುವುದರ ಪರಿಣಾಮದ ಮೇಲಿನ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸದ ಮಟ್ಟ ಇಳಿದಿತ್ತು. ಗಮನ ಕೆಲಸದಿಂದ ಸರಿದು "ನಾನು ಹೇಗೆ ಕಾಣುತ್ತಿದ್ದೇನೆ" ಎಂಬುದರ ಕಡೆ ಹೊರಳಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ.

ಸಮಯದ ವಿಷಯ: ಎರಡು ದಿನದೊಳಗೆ ಹೇಳಿ. ವರ್ಷದ ಕೊನೆಯ ಅಪ್ರೈಸಲ್‌ಗೆ ಎತ್ತಿಟ್ಟ ಮೆಚ್ಚುಗೆ ಹಳಸಿರುತ್ತದೆ. ಹೇಳುವಾಗ "ಆದರೆ" ಸೇರಿಸಬೇಡಿ. ತಿದ್ದಬೇಕಾದ್ದು ಇದ್ದರೆ ಇನ್ನೊಂದು ದಿನ, ಇನ್ನೊಂದು ಮಾತುಕತೆ. ಹೊಗಳಿದ ಉಸಿರಿನಲ್ಲೇ "ಶನಿವಾರ ಸ್ವಲ್ಪ ಬರಬಹುದಾ?" ಎಂದು ಕೇಳುವ ಚಾಳಿಯಿದ್ದರೆ, ನೀವು ಹೊಗಳಲು ಬಂದಾಗಲೆಲ್ಲ ಜನ ಜೇಬು ಭದ್ರಮಾಡಿಕೊಳ್ಳುತ್ತಾರೆ.

ಪ್ರಶಸ್ತಿ ಇಡಬೇಕೇ? ಇಡಬಹುದು, ಎಚ್ಚರ ಬೇಕು. ಡೇಟಾ ಎಂಟ್ರಿಗೆ ಬಂದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕ್ಷೇತ್ರಪ್ರಯೋಗವೊಂದರಲ್ಲಿ, ಎಂಟು ಜನರ ಗುಂಪಿನಲ್ಲಿ ಉತ್ತಮ ಮೂವರಿಗೆ ಮಾತ್ರ ಧನ್ಯವಾದದ ಕಾರ್ಡ್ ಕೊಟ್ಟಾಗ ಗುಂಪಿನ ಕೆಲಸ ಏರಿತು. ಆ ಏರಿಕೆ ಬಂದದ್ದು ಬಹುಪಾಲು ಕಾರ್ಡ್ ಸಿಗದವರಿಂದ. ಹಾಗೆಂದು ಎಲ್ಲ ಪ್ರಶಸ್ತಿಯೂ ಹೀಗೆ ಫಲ ಕೊಡುವುದಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಬಟ್ಟೆ ಒಗೆಯುವ ಕಾರ್ಖಾನೆಯೊಂದರದು. ಅಲ್ಲಿ ತಪ್ಪದೆ ಹೊತ್ತಿಗೆ ಸರಿಯಾಗಿ ಬರುವವರಿಗೆ ಬಹುಮಾನ ಘೋಷಿಸಿದರು. ಕೆಲವರು ಅರ್ಹತೆ ಉಳಿಯುವಷ್ಟು ಕಾಲ ಮಾತ್ರ ಸಮಯ ಪಾಲಿಸಿದರು. ಮೊದಲಿನಿಂದಲೂ ಹೇಳಿಸಿಕೊಳ್ಳದೆ ಹೊತ್ತಿಗೆ ಬರುತ್ತಿದ್ದವರ ಉತ್ಪಾದನೆಯೇ ಕುಸಿಯಿತು. ತಾವು ಯಾವತ್ತಿನಿಂದಲೂ ಮಾಡಿಕೊಂಡು ಬಂದದ್ದನ್ನು ಈಗ ಬೇರೆಯವರು ಮಾಡಿದರೆ ಬಹುಮಾನ ಎಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ.

ಹಾಗಾಗಿ ಕನಿಷ್ಠ ಕರ್ತವ್ಯಕ್ಕೆ ಪ್ರಶಸ್ತಿ ಬೇಡ. ಸರದಿಯ ಮೇಲೆ ಹಂಚುವ "ತಿಂಗಳ ಉದ್ಯೋಗಿ"ಯೂ ಬೇಡ, ಮೂರನೆಯ ತಿಂಗಳಿಗೆ ಎಲ್ಲರಿಗೂ ಗುಟ್ಟು ಗೊತ್ತಾಗಿರುತ್ತದೆ. ಮೊದಲೇ ಸಾರಿದ ಬಹುಮಾನಕ್ಕಿಂತ ಕೆಲಸವಾದ ಮೇಲೆ ಅನಿರೀಕ್ಷಿತವಾಗಿ ಬರುವ ಮನ್ನಣೆ ಒಳ್ಳೆಯದು. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಬಹುಮಾನ ಸಿಗುತ್ತದೆಂದು ಮೊದಲೇ ತಿಳಿದು ಚಿತ್ರ ಬಿಡಿಸಿದ ಮಕ್ಕಳಿಗೆ ಆಮೇಲೆ ಅದರಲ್ಲಿದ್ದ ಆಸಕ್ತಿ ಕಡಿಮೆಯಾಯಿತು. ಅನಿರೀಕ್ಷಿತವಾಗಿ ಪಡೆದವರಿಗೆ ಹಾಗಾಗಲಿಲ್ಲ.

ಉಡುಗೊರೆ ಕೂಪನ್, ಶಾಪಿಂಗ್ ಕಾರ್ಡ್‌ಗಳ ಬಗ್ಗೆ ಒಂದು ಮಾತು: ಅವು ಹಣವೇ. ಜನ ಅದನ್ನು ಸಂಬಳದ ತಕ್ಕಡಿಯಲ್ಲೇ ತೂಗುತ್ತಾರೆ, ತೂಗಿದಾಗ ಹಗುರವಾಗಿ ಕಾಣುತ್ತದೆ.

ಹಂತ 4: ಹೊತ್ತಿನ ಮೇಲೆ ಹಿಡಿತ ಕೊಡಿ

ಹಣವಿಲ್ಲದ ಪ್ರೋತ್ಸಾಹಗಳಲ್ಲಿ ಜನ ನಿಜವಾಗಿ ಬೆಲೆ ಕೊಡುವುದು ಇದಕ್ಕೆ. ಮ್ಯಾನೇಜರ್‌ಗಳು ಕೊಡಲು ಹೆಚ್ಚು ಅಂಜುವುದೂ ಇದಕ್ಕೇ. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರವಾಸ ಬುಕಿಂಗ್ ಕಂಪನಿ ಟ್ರಿಪ್.ಕಾಮ್‌ನ 1,612 ಉದ್ಯೋಗಿಗಳ ಮೇಲೆ ಆರು ತಿಂಗಳ ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆ ಮೂರನೆಯ ಒಂದರಷ್ಟು ಇಳಿಯಿತು. ಅಪ್ರೈಸಲ್ ಅಂಕ, ಬಡ್ತಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಬಾಯಿಮಾತಿನ ಸಡಿಲಿಕೆ ಕೆಲಸಕ್ಕೆ ಬಾರದು, ಒಂದು ಪುಟದ ನಿಯಮ ಬರೆಯಿರಿ. ಎಲ್ಲರೂ ಲಭ್ಯವಿರಬೇಕಾದ ಹೊತ್ತು ಯಾವುದು (ಉದಾಹರಣೆಗೆ 11ರಿಂದ 4), ಬೇಗ ಹೊರಡಲು ಎಷ್ಟು ಮುಂಚೆ ತಿಳಿಸಬೇಕು, ಆಗ ಫೋನ್ ಎತ್ತುವವರು ಯಾರು, ಯಾವ ದಿನಗಳಲ್ಲಿ ಈ ಸೌಲಭ್ಯ ಇಲ್ಲ, ಪ್ರಯೋಗ ಯಾವ ತಾರೀಖಿಗೆ ಮುಗಿಯುತ್ತದೆ. ಇಷ್ಟು ಸಾಕು. "ಮ್ಯಾನೇಜರ್ ವಿವೇಚನೆಗೆ ಬಿಟ್ಟದ್ದು" ಎಂಬ ಸಾಲು ಸೇರಿಸಿದರೆ ಇಡೀ ಪುಟ ನೀರುಪಾಲು. ಕೇಳುವ ಧೈರ್ಯ ಇದ್ದವರಿಗೆ ಮಾತ್ರ ಸಿಗುತ್ತದೆ, ಮಿಕ್ಕವರು ಒಳಗೊಳಗೇ ಕುದಿಯುತ್ತಾರೆ.

ಕೌಂಟರ್, ಯಂತ್ರ, ವಾರ್ಡ್, ಗೋದಾಮಿನಲ್ಲಿ ಇರುವವರಿಗೆ ಮನೆಯಿಂದ ಕೆಲಸ ಎಂಬುದಿಲ್ಲ. ಅವರಿಗೆ ಬೇರೆ ದಾರಿಗಳಿವೆ:

- ಶಿಫ್ಟ್ ಪಟ್ಟಿಯನ್ನು ಕನಿಷ್ಠ 14 ದಿನ ಮುಂಚೆ ಹಾಕಿ. ಹಿಂದಿನ ರಾತ್ರಿ ಬದಲಾಗುವ ಪಟ್ಟಿ ಮನೆಯವರ ಬದುಕನ್ನೂ ಅಸ್ತವ್ಯಸ್ತ ಮಾಡುತ್ತದೆ.
- ಒಂದೇ ಕೌಶಲ ಇರುವ ಇಬ್ಬರು ಶಿಫ್ಟ್ ಅದಲುಬದಲು ಮಾಡಿಕೊಂಡರೆ ನಿಮ್ಮ ಅನುಮತಿ ಬೇಡ, ನೋಂದಣಿ ಸಾಕು. ಒಂದೇ ಷರತ್ತು: ಎರಡು ಶಿಫ್ಟ್‌ಗಳ ನಡುವೆ 11 ಗಂಟೆಯಾದರೂ ವಿಶ್ರಾಂತಿ.
- ತಿಂಗಳಿಗೆ ಒಂದು ಶಿಫ್ಟ್ ಅವರ ಆಯ್ಕೆಗೆ. ಮೊದಲು ಆರಿಸುವ ಸರದಿ ಪ್ರತಿ ತಿಂಗಳು ತಿರುಗಲಿ.

ದೊಡ್ಡ ಕೆಲಸ ಮುಗಿದ ಮೇಲೆ ಅರ್ಧ ದಿನ ಅಥವಾ ಒಂದು ದಿನ ಬಿಡುವು ಕೊಡುವುದಾದರೆ ಕೊಡುವ ದಿನವೇ ಬಿಡುವಿನ ತಾರೀಖನ್ನೂ ಗೊತ್ತುಮಾಡಿ, 30 ದಿನದೊಳಗಿರಲಿ. "ಯಾವಾಗ ಬೇಕಾದರೂ ತೊಗೊಳ್ಳಿ" ಎಂದರೆ ಅದು ಮೂಗಿಗೆ ತುಪ್ಪ ಸವರಿದಂತೆ, ತೆಗೆದುಕೊಳ್ಳುವ ದಿನ ಬರುವುದೇ ಇಲ್ಲ. ಆ ದಿನ ನೀವಾಗಲಿ ಬೇರೆಯವರಾಗಲಿ ಫೋನ್ ಮಾಡಕೂಡದು. ಇನ್ನೊಂದು ಎಚ್ಚರ: ಕಾನೂನಿನ ಪ್ರಕಾರ ಕೊಡಬೇಕಾದ ಓವರ್‌ಟೈಮ್ ಹಣದ ಬದಲಿಗೆ ಬಿಡುವು ಕೊಡುವುದು ಎಷ್ಟೋ ಕಡೆ ನಿಯಮಬಾಹಿರ. ಎಚ್‌ಆರ್ ಹತ್ತಿರ ಕೇಳಿಕೊಂಡು ಮುಂದುವರಿಯಿರಿ.

ಹಂತ 5: ಕೆಲಸವನ್ನೇ ಬದಲಿಸಿ

1970ರ ದಶಕದಲ್ಲಿ ಸಂಶೋಧಕರಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಕೆಲಸಕ್ಕೆ ಹುರುಪು ತರುವ ಐದು ಗುಣಗಳನ್ನು ಗುರುತಿಸಿದರು: ಬಗೆಬಗೆಯ ಕೌಶಲದ ಬಳಕೆ, ಒಂದು ಕೆಲಸವನ್ನು ಮೊದಲಿನಿಂದ ಕೊನೆವರೆಗೆ ಮಾಡುವ ಅವಕಾಶ, ಅದು ಯಾರಿಗೋ ಮುಖ್ಯ ಎಂಬ ಅರಿವು, ಸ್ವಂತ ನಿರ್ಧಾರ, ಮತ್ತು ಕೆಲಸ ಹೇಗಾಯಿತು ಎಂದು ಕೆಲಸದಿಂದಲೇ ತಿಳಿಯುವುದು. ಟೀಮ್‌ನ ಒಬ್ಬೊಬ್ಬರ ಕೆಲಸಕ್ಕೂ ಈ ಐದರಲ್ಲಿ 1ರಿಂದ 5ರವರೆಗೆ ಅಂಕ ಕೊಟ್ಟು ನೋಡಿ, ಅವರಿಂದಲೂ ಕೊಡಿಸಿ. ಇಬ್ಬರ ಅಂಕದಲ್ಲಿ ಎರಡಕ್ಕಿಂತ ಹೆಚ್ಚು ಅಂತರ ಇರುವ ಕಡೆ ಮಾತು ಶುರುಮಾಡಿ.

ಸ್ವಂತ ನಿರ್ಧಾರದ ಅಂಕ ಕಡಿಮೆ ಇದ್ದರೆ ಅಧಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟುಕೊಡಿ. ಮೊದಲ ತಿಂಗಳು: ಅವರು ಸಲಹೆ ಕೊಡುತ್ತಾರೆ, ನೀವು ನಿರ್ಧರಿಸುತ್ತೀರಿ. ಎರಡನೆಯ ತಿಂಗಳು: ಅವರು ನಿರ್ಧರಿಸಿ ನಿಮಗೆ ಹೇಳಿ ಮಾಡುತ್ತಾರೆ. ಮೂರನೆಯ ತಿಂಗಳು: ಮಾಡಿ ಆಮೇಲೆ ಹೇಳುತ್ತಾರೆ. ಕೊನೆಗೆ ತಿಂಗಳ ವರದಿಯಲ್ಲಿ ಬಂದರೆ ಸಾಕು. ಗ್ರಾಹಕರು ಮರಳಿಸಿದ ಸಾಮಾನಿಗೆ ಬದಲಿ ಕೊಡಬೇಕೇ ಬೇಡವೇ ಎಂಬಂಥ, ತಪ್ಪಾದರೂ ಸರಿಪಡಿಸಬಹುದಾದ ವಿಷಯದಿಂದ ಆರಂಭಿಸಿ. ಮಿತಿಯನ್ನು ಬರೆದುಕೊಡಿ: ಇಷ್ಟು ಮೊತ್ತದವರೆಗೆ, ಇಂಥ ಸಾಮಾನಿಗೆ. ಎಲ್ಲಿ ಕೆಡುತ್ತದೆ ಗೊತ್ತೇ? ಮೊದಲ ತಪ್ಪು ನಿರ್ಧಾರ ಬಂದಾಗ. ಮ್ಯಾನೇಜರ್ ಗಾಬರಿಯಾಗಿ ಅಧಿಕಾರ ವಾಪಸ್ ಕಿತ್ತುಕೊಂಡರೆ, ಆ ಟೀಮ್‌ನಲ್ಲಿ ಮತ್ತೆ ಯಾರೂ ನಿರ್ಧಾರಕ್ಕೆ ಕೈಹಾಕುವುದಿಲ್ಲ. ನಿರ್ಧಾರವನ್ನು ತಿರುಗಿಸುವ ಬದಲು ಮಿತಿಯನ್ನು ತಿದ್ದಿ.

"ಯಾರಿಗೋ ಮುಖ್ಯ" ಎಂಬ ಅಂಕ ಕಡಿಮೆ ಇದ್ದರೆ, ಕೆಲಸದ ಫಲ ಉಂಡವರನ್ನು ಎದುರಿಗೆ ತನ್ನಿ. ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುವವರು ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಐದೇ ನಿಮಿಷ ಮಾತನಾಡಿದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಸಮಯ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ನೀವು ಮಾಡುವುದಾದರೆ ಹತ್ತು ನಿಮಿಷ ಸಾಕು. ಬಂದವರು ತಮ್ಮ ಕಷ್ಟ ಏನಿತ್ತು, ಏನು ಬದಲಾಯಿತು ಎಂದು ಹೇಳಲಿ, ಟೀಮ್ ಪ್ರಶ್ನೆ ಕೇಳಲಿ. ಕೊನೆಗೆ ಎದ್ದು "ಹಾಗಾಗಿ ಎಲ್ಲರೂ ಟಾರ್ಗೆಟ್ ಮುಟ್ಟೋಣ" ಎಂದು ಭಾಷಣ ಮಾಡಬೇಡಿ. ಅಲ್ಲಿಯವರೆಗಿನ ಪರಿಣಾಮವೆಲ್ಲ ಆ ಒಂದು ವಾಕ್ಯದಲ್ಲಿ ಕೊಚ್ಚಿಹೋಗುತ್ತದೆ.

ಕಲಿಕೆಗೆ ವಾರಕ್ಕೆ ಎರಡು ಗಂಟೆ ಕೊಡಿ. ಅಮೆರಿಕದ 3ಎಂ ಕಂಪನಿ ತನ್ನ ತಂತ್ರಜ್ಞರಿಗೆ ಸಮಯದ 15 ಶೇಕಡಾವನ್ನು ಸ್ವಂತ ಯೋಚನೆಗಳಿಗೆ ಬಳಸುವ ಪದ್ಧತಿಯನ್ನು 1948ರಿಂದ ಇಟ್ಟುಕೊಂಡಿದೆ. ಅಂಟಿಸಿ ಕಿತ್ತು ತೆಗೆಯಬಹುದಾದ ಪೋಸ್ಟ್-ಇಟ್ ಚೀಟಿ ಅಂಥ ಸಮಯದ ಕೂಸು. ಬೇರೆ ಕಡೆ ಇದು ಸೋಲುವುದು ಡೆಡ್‌ಲೈನ್‌ಗೆ ಬಲಿಯಾಗಿ. ಕೆಲಸದ ಒತ್ತಡ ಕಡಿಮೆ ಇರುವ ಹೊತ್ತನ್ನೇ ಆರಿಸಿ, ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಕಟ್ಟಿಹಾಕಿ, ಒಂದು ವಾರ ತಪ್ಪಿದರೆ ಅದೇ ವಾರ ಬೇರೆ ದಿನ ಕೊಡಿ. ಸತತ ಎರಡು ವಾರ ತಪ್ಪಿತೆಂದರೆ ಅದು ಸತ್ತಂತೆಯೇ.

ಈ ಹಂತದಲ್ಲಿ ದೊಡ್ಡ ಅಪಾಯ ಒಂದಿದೆ. "ನಿಮ್ಮ ಸಾಮರ್ಥ್ಯ ನೋಡಿ ಹೊಸ ಜವಾಬ್ದಾರಿ ಕೊಡುತ್ತಿದ್ದೇವೆ" ಎನ್ನುವುದು ಬೇಗ ಬಿಟ್ಟಿ ಚಾಕರಿಯಾಗುತ್ತದೆ. ಚೆನ್ನಾಗಿ ಕೆಲಸ ಮಾಡುವವರ ತಲೆಗೇ ಎಲ್ಲ ಹೊರೆ ಬೀಳುವುದು ಹೀಗೆಯೇ. ನಿಯಮ ಇಟ್ಟುಕೊಳ್ಳಿ: ವಾರಕ್ಕೆ ನಾಲ್ಕು ಗಂಟೆಯ ಹೊಸ ಕೆಲಸ ಕೊಟ್ಟರೆ ನಾಲ್ಕು ಗಂಟೆಯ ಹಳೆಯ ಕೆಲಸ ಇಳಿಯಬೇಕು. ಯಾವುದು ಇಳಿಯಿತು, ಯಾರು ಎತ್ತಿಕೊಂಡರು ಎಂದು ಬರೆದಿರಬೇಕು. ಹೊಸ ಜವಾಬ್ದಾರಿ ಆರು ತಿಂಗಳು ಮೀರಿ ನಿಂತರೆ ಹುದ್ದೆ ಮತ್ತು ಸಂಬಳದ ಮಾತು ಎತ್ತಲೇಬೇಕು. ಅಲ್ಲಿಂದಾಚೆ ಅದು ಪ್ರೋತ್ಸಾಹವಲ್ಲ, ಬಾಕಿ.

ಇನ್ನು ಇವೆಲ್ಲಕ್ಕಿಂತ ಅಗ್ಗದ್ದು, ಯಾರೂ ಪ್ರೋತ್ಸಾಹ ಎಂದೇ ಎಣಿಸದ್ದು: ಅಡ್ಡಿ ತೆಗೆಯುವುದು. ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಉದ್ಯೋಗಿಗಳು ಬರೆದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಪರಿಶೀಲಿಸಿದಾಗ, ಒಳ್ಳೆಯ ದಿನಗಳಲ್ಲಿ ಎದ್ದುಕಂಡದ್ದು ತಮಗೆ ಅರ್ಥಪೂರ್ಣವೆನಿಸುವ ಕೆಲಸ ಒಂದು ಹೆಜ್ಜೆ ಮುಂದೆ ಹೋದದ್ದು. ವಾರದ ಮೀಟಿಂಗ್‌ನಲ್ಲಿ ಹತ್ತು ನಿಮಿಷ ಮೀಸಲಿಟ್ಟು "ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ?" ಎಂದು ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಬಿಡಿಸುವವರ ಹೆಸರು, ತಾರೀಖು. ಆ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದೇ ಇರಬೇಕು.

ಹಂತ 6: ಯಾರಿಗೆ ಸಿಕ್ಕಿತು ಎಂದು ಬರೆದಿಡಿ

ಐದು ಕಾಲಮ್‌ನ ಒಂದು ಶೀಟ್ ಸಾಕು: ಹೆಸರು, ತಾರೀಖು, ಏನು ಕೊಟ್ಟಿರಿ, ಯಾಕೆ, ಮಾತು ಕೊಟ್ಟದ್ದು ಈಡೇರಿತೇ. ತಿಂಗಳ ಕೊನೆಗೆ ಹೆಸರುಗಳನ್ನು ಎಣಿಸಿ. ಬಹುತೇಕ ಕಡೆ ಒಂದೇ ಚಿತ್ರ ಕಾಣುತ್ತದೆ: ನಿಮ್ಮ ಮೇಜಿನ ಹತ್ತಿರ ಕೂರುವವರು, ಮಾತುಗಾರರು, ಗ್ರಾಹಕರೆದುರು ನಿಲ್ಲುವವರು ಮೇಲೆ. ರಾತ್ರಿ ಶಿಫ್ಟ್, ಲೆಕ್ಕಪತ್ರ, ನಿರ್ವಹಣೆ, ದೂರದಿಂದ ಕೆಲಸ ಮಾಡುವವರು ಕೆಳಗೆ. ಎಲ್ಲವೂ ಸುಸೂತ್ರ ನಡೆದರೆ ಕಣ್ಣಿಗೇ ಬೀಳದ ಕೆಲಸ ಅವರದು. ಎರಡು ತಿಂಗಳಿಂದ ಹೆಸರೇ ಬಾರದವರ ಕೆಲಸವನ್ನು ಅವರ ಪಕ್ಕ ಕುಳಿತು ಒಂದು ಗಂಟೆ ನೋಡಿ. ಹೊಗಳಲು ನೆವ ಹುಡುಕುವುದಕ್ಕಲ್ಲ, ಆ ಕೆಲಸದಲ್ಲಿ ಏನೇನಿದೆ ಎಂದು ತಿಳಿಯಲು.

ಹಂತ 7: 90 ದಿನ ಅಳೆದು ನೋಡಿ, ಆಮೇಲೆ ಉಳಿಸಿ ಅಥವಾ ನಿಲ್ಲಿಸಿ

ಶುರುಮಾಡುವ ಮುಂಚೆ ಹಿಂದಿನ 90 ದಿನದ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ: ರಾಜೀನಾಮೆ, ಮುಂಚೆ ತಿಳಿಸದ ಗೈರುಹಾಜರಿ, ಮತ್ತೆ ಮಾಡಬೇಕಾಗಿ ಬಂದ ಕೆಲಸ, ಉದ್ಯೋಗಿಗಳಿಂದ ತಾವಾಗಿ ಬಂದ ಸಲಹೆ. ಸಣ್ಣ ಟೀಮ್‌ನಲ್ಲಿ ಒಂದು ರಾಜೀನಾಮೆಯಿಂದ ಅಂಕಿ ತಲೆಕೆಳಗಾಗುತ್ತದೆ, ಆದ್ದರಿಂದ ಅಂಕಿಯ ಜೊತೆ ಹಂತ 2ರ ಪ್ರಶ್ನೆಗಳನ್ನು ಮತ್ತೆ ಕೇಳಿ ಉತ್ತರಗಳನ್ನು ಹೋಲಿಸಿ. ಎಷ್ಟು ಮೆಚ್ಚುಗೆಪತ್ರ ಹೋಯಿತು ಎಂಬುದನ್ನು ಗುರಿಯಾಗಿ ಇಡಬೇಡಿ. ಇಟ್ಟ ಮರುದಿನವೇ ಪತ್ರಗಳು ನಕಲು ಅಂಟಿಸಿ ಬರತೊಡಗುತ್ತವೆ.

ಒಮ್ಮೆಗೆ ಎರಡಕ್ಕಿಂತ ಹೆಚ್ಚು ಬದಲಾವಣೆ ತರಬೇಡಿ, ಯಾವುದು ಫಲಿಸಿತೆಂದು ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ಮುಕ್ತಾಯದ ತಾರೀಖನ್ನು ಮೊದಲ ದಿನವೇ ಸಾರಿ. ಆರು ತಿಂಗಳು ಅನುಭವಿಸಿದ ಸೌಲಭ್ಯವನ್ನು ಜನ ಹಕ್ಕೆಂದೇ ಭಾವಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ತಾರೀಖು ಹೇಳದೆ ಕೊಟ್ಟು ಆಮೇಲೆ ಕಿತ್ತುಕೊಂಡರೆ ಕೊಡದಿದ್ದಾಗಿನದಕ್ಕಿಂತ ಹೆಚ್ಚು ಅಸಮಾಧಾನ ಉಳಿಯುತ್ತದೆ. ನಿಲ್ಲಿಸಲೇಬೇಕಾದರೆ 30 ದಿನ ಮುಂಚೆ, ಎದುರಿಗೆ ಕೂತು, ಅಂಕಿಗಳನ್ನು ತೋರಿಸಿ ಹೇಳಿ. ಅದರ ಜಾಗಕ್ಕೆ ಏನು ಬರಬೇಕು ಎಂಬುದನ್ನು ಅದೇ ಕೂಟದಲ್ಲಿ ಅವರನ್ನೇ ಕೇಳಿ.